ಗಾಲ್ ಬ್ಲಾಡರ್ ಒಳಗೆ ರಕ್ತ ಸೋರಿದರೆ ಕೊಡಗಿನವರು ಎಲ್ಲಿಗೆ ಓಡಬೇಕು? ಎರಡು ಆಸ್ಪತ್ರೆಗಳ ವಿಮರ್ಶೆ

ನಕ್ಷತ್ರ ಮೊದಲೇ ಕೊಟ್ಟುಬಿಡುತ್ತೇನೆ. ನಮ್ಮ ಕಡೆಯ ಪೇಟೆಯ ನರ್ಸಿಂಗ್ ಹೋಮಿಗೆ 5ಕ್ಕೆ 2. ಮೈಸೂರಿನ ದೊಡ್ಡ ಖಾಸಗಿ ಆಸ್ಪತ್ರೆಗೆ 5ಕ್ಕೆ 4. ಎರಡರ ಹೆಸರನ್ನೂ ಹಾಕುವುದಿಲ್ಲ, ಮೆಸೇಜ್ ಮಾಡಿ ಕೇಳಬೇಡಿ. ಹೆಸರು ಹಾಕಿದರೆ ಆ ಡಾಕ್ಟರ ಕಡೆಯವರು ಒಂದಷ್ಟು ಜನ, ಬೈಯುವವರು ಒಂದಷ್ಟು ಜನ ಬಂದು ಕೂರುತ್ತಾರೆ. ಹೇಳಬೇಕಾದ ವಿಷಯ ಮೂಲೆಗೆ ಹೋಗುತ್ತದೆ.

ಸಾಮಾನ್ಯ ಗಾಲ್ ಬ್ಲಾಡರ್, ಅಂದರೆ ಪಿತ್ತಕೋಶದ ಕಲ್ಲಿಗೆ ಈ ಬರಹ ಬೇಡವೇ ಬೇಡ. ಅದರ ಆಪರೇಷನ್ ಈಗ ಕೊಡಗಿನಲ್ಲೇ ಆಗುತ್ತದೆ. ಮಡಿಕೇರಿಯಲ್ಲಿ 2016ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದ ಮೇಲಂತೂ ಅಂಥ ಕೇಸಿಗೆಲ್ಲ ಮೈಸೂರು, ಮಂಗಳೂರು ಅಂತ ಅಲೆಯುವ ಅಗತ್ಯ ಕಮ್ಮಿಯಾಗಿದೆ. ಆದರೆ ಊದಿಕೊಂಡ ಗಾಲ್ ಬ್ಲಾಡರ್ ಒಳಗೆ ರಕ್ತ ಸೋರಲು ಶುರುವಾದರೆ ಕಥೆ ಬೇರೆ. ಇದು ಅಪರೂಪ. ಎಷ್ಟು ಅಪರೂಪ ಅಂದರೆ ಮೊದಲು ನೋಡಿದ ಡಾಕ್ಟರಿಗೆ ಅದು ನೆನಪಿಗೇ ಬರಲಿಲ್ಲ. ಅಂಥ ಹೊತ್ತಿನಲ್ಲಿ ಆಸ್ಪತ್ರೆಯ ಲಾಬಿಯ ಗ್ರಾನೈಟ್ ನೋಡಬೇಡಿ. ನಡುರಾತ್ರಿ ಸಿಟಿ ಸ್ಕ್ಯಾನ್ ನಡೆಯುತ್ತದಾ, ಬ್ಲಡ್ ಬ್ಯಾಂಕ್ ತೆರೆದಿರುತ್ತದಾ, ತೊಡೆಯಿಂದ ಸಣ್ಣ ನಳಿಕೆ ಹಾಕಿ ರಕ್ತನಾಳ ಮುಚ್ಚುವ ಡಾಕ್ಟರ್ ಕರೆದರೆ ಬರುತ್ತಾರಾ, ಹೊಟ್ಟೆ ತೆರೆದು ಅಭ್ಯಾಸ ಇರುವ ಸರ್ಜನ್ ಇದ್ದಾರಾ, ಇಷ್ಟು ನೋಡಿ. ನಾನು ನಕ್ಷತ್ರ ಕೊಟ್ಟಿದ್ದೂ ಇದರ ಮೇಲೆಯೇ.

ರೋಗಿ ನಮ್ಮ ದೊಡ್ಡಪ್ಪ. ವಯಸ್ಸು 70 ದಾಟಿದೆ, ತೋಟ ಸುತ್ತುವುದನ್ನು ಇನ್ನೂ ಬಿಟ್ಟಿಲ್ಲ. ಎದೆ ಬಡಿತದ ಲಯ ಸರಿಯಿಲ್ಲ ಅಂತ ಕೆಲವು ವರ್ಷಗಳಿಂದ ವಾರ್ಫರಿನ್ ನುಂಗುತ್ತಾರೆ, ಹೃದಯದೊಳಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ. ಈ ಮಾತ್ರೆ ತಗೊಳ್ಳುವವರು ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ ಆಗಾಗ ಮಾಡಿಸುತ್ತಿರಬೇಕು. ದೊಡ್ಡಪ್ಪನಂಥವರಿಗೆ ಅದು 2ರಿಂದ 3ರ ನಡುವೆ ಇರಬೇಕು. ಈ ಮಳೆಯಲ್ಲಿ ಯಾರು ಪೇಟೆಗೆ ಹೋಗುತ್ತಾರೆ ಅಂತ ದೊಡ್ಡಪ್ಪ ಅದನ್ನು ಮುಂದೂಡುತ್ತಾ ಬಂದಿದ್ದರು. ಅದರ ಮೇಲೆ ಹೊಟ್ಟೆ ಕೆಟ್ಟಿತು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಮೆಟ್ರೋನಿಡಜೋಲ್ ತಗೊಂಡರು. ಆ ಮಾತ್ರೆ ವಾರ್ಫರಿನ್‌ನ ಬಲವನ್ನು ಏರಿಸುತ್ತದೆ. ಅಂಗಡಿಯವರು ಬೇರೆ ಏನು ಮಾತ್ರೆ ನುಂಗುತ್ತೀರಿ ಅಂತ ಕೇಳಲಿಲ್ಲ, ಇವರೂ ಹೇಳಲಿಲ್ಲ.

ನೋವು ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾಗಿ ಬೆನ್ನಿಗೆ, ಬಲಭುಜಕ್ಕೆ ಹೋಗುತ್ತಿತ್ತು. ಜ್ವರ, ವಾಂತಿ. ಮೂತ್ರ ಕೆಂಪಗೆ ಬರುತ್ತಿದೆ ಅಂತ ದೊಡ್ಡಮ್ಮನಿಗೆ ಹೇಳಿದರಂತೆ. ಅದು ಆಟಿ ತಿಂಗಳು. ಆಗಸ್ಟ್ 3ರ ಆಟಿ ಹದಿನೆಂಟಕ್ಕೆ ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವುದು ನಿಮಗೆ ಗೊತ್ತೇ ಇದೆ, ತಿಂದ ಮೇಲೆ ಮೂತ್ರ ಕೆಂಪಾಗುವುದೂ ಗೊತ್ತು. "ಸೊಪ್ಪಿನ ಬಣ್ಣ ಕಣೇ, ಮದ್ದು ಹಿಡಿದಿದೆ" ಅಂತ ದೊಡ್ಡಪ್ಪ ನಗುತ್ತಾ ಹೇಳಿ ಮಲಗಿದರಂತೆ. ಪಾಯಸ ತಿಂದು ಆಗಲೇ ಸುಮಾರು ದಿನ ಕಳೆದಿತ್ತು, ಅಷ್ಟು ದಿನ ಆ ಬಣ್ಣ ನಿಲ್ಲುವುದಿಲ್ಲ. ಕಣ್ಣಿನ ಬಿಳಿ ಹಳದಿಯಾಗಿರುವುದನ್ನು ಗಮನಿಸಿದ್ದು ತೋಟದ ಕೆಲಸಕ್ಕೆ ಬರುವ ಹುಡುಗ. ಕೊಡಗಿನವರೇ, ದಯವಿಟ್ಟು ಇದೊಂದು ನೆನಪಿಡಿ. ಆಟಿಯಲ್ಲಿ ಕಾಮಾಲೆ ಬಂದರೆ ಪಾಯಸದ ಮೇಲೆ ಹಾಕಿ ಸುಮ್ನೆ ಕೂರಬೇಡಿ.

ನರ್ಸಿಂಗ್ ಹೋಮಿನ ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಒಳಗೆ ಹೋದ ಕೂಡಲೇ ಹಾಸಿಗೆ ಸಿಕ್ಕಿತು. ಅಡ್ವಾನ್ಸ್ ಕಟ್ಟಿ ಅಂತ ಬಾಗಿಲಲ್ಲಿ ನಿಲ್ಲಿಸಲಿಲ್ಲ. ರಾತ್ರಿ ಪಾಳಿಯ ಸಿಸ್ಟರ್ ಒಂದೇ ಸಲಕ್ಕೆ ನರ ಹುಡುಕಿ ಡ್ರಿಪ್ ಹಾಕಿದರು, ದೊಡ್ಡಪ್ಪನ ನರ ಸಿಗುವುದು ಸುಲಭ ಅಲ್ಲ. ಕರೆಂಟ್ ಹೋದರೂ ಜನರೇಟರ್ ತಕ್ಷಣ ಹೊತ್ತಿಕೊಂಡಿತು. ಮಳೆಗಾಲದಲ್ಲಿ ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಕೆಟ್ಟದ್ದು ಈಗ. ದಿನಾ ಯಾವ ಮಾತ್ರೆ ತಗೋತೀರಿ ಅಂತ ಡ್ಯೂಟಿ ಡಾಕ್ಟರ್ ಕೇಳಲೇ ಇಲ್ಲ. ಇಸಿಜಿ ತೆಗೆದರು, ಹಾರ್ಟ್ ಅಟ್ಯಾಕ್ ಅಲ್ಲ ಅಂದರು, ಹಾಗಾದರೆ ಗ್ಯಾಸ್ಟ್ರಿಕ್ ಅಂತ ತೀರ್ಮಾನ ಆಯಿತು. ಪ್ಯಾಂಟೋಪ್ರಜೋಲ್ ಚುಚ್ಚಿದರು. ನೋವಿಗೆ ಡೈಕ್ಲೋಫೆನಾಕ್ ಚುಚ್ಚಿದರು. ವಾರ್ಫರಿನ್ ತಗೊಳ್ಳುವವರಿಗೆ ಆ ಎರಡನೆಯ ಇಂಜೆಕ್ಷನ್ ರಕ್ತಸ್ರಾವದ ಅಪಾಯ ಜಾಸ್ತಿ ಮಾಡುತ್ತದೆ. ಅಲ್ಟ್ರಾಸೌಂಡ್ ಮೆಷಿನ್ ಅಲ್ಲೇ, ಪಕ್ಕದ ಕೋಣೆಯಲ್ಲೇ ಇತ್ತು. ನೋಡುವ ಡಾಕ್ಟರ್ ಬೆಳಗ್ಗೆ ಬರುತ್ತಾರೆ ಅಂದರು. ಬೆಳಗ್ಗೆ ಮಲ ಕಪ್ಪಗೆ, ಅಂಟಂಟಾಗಿ, ಮೂಗು ಮುಚ್ಚುವ ವಾಸನೆಯಲ್ಲಿ ಹೋಯಿತು. ಆಯಾ ನೋಡಿ ಸಿಸ್ಟರಿಗೆ ಹೇಳಿದರು, ಪಾಳಿ ಬದಲಾಗಿ ಬಂದಿದ್ದ ಸಿಸ್ಟರ್ ಕಬ್ಬಿಣದ ಮಾತ್ರೆ ತಗೊಂಡಿರಬೇಕು ಅಂದರು. ಕಬ್ಬಿಣದ ಮಾತ್ರೆಗೂ ಮಲ ಕಪ್ಪಾಗುತ್ತದೆ, ನಿಜ. ಆದರೆ ದೊಡ್ಡಪ್ಪ ಅದನ್ನು ತಗೊಳ್ಳುತ್ತಲೇ ಇರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು, ಅಲ್ವಾ?

ಅಲ್ಲಿಗೆ 2 ನಕ್ಷತ್ರವಾದರೂ ಉಳಿದಿದ್ದು ಸ್ಕ್ಯಾನಿಂಗ್ ಡಾಕ್ಟರಿಂದ. ಅವರು ಬಂದು ಹೊಟ್ಟೆಗೆ ಜೆಲ್ ಹಚ್ಚಿ, ಆ ಕೈಯನ್ನು ಬಲಪಕ್ಕೆಯ ಕೆಳಗೆ ಇಟ್ಟು ಸ್ವಲ್ಪ ಒತ್ತಿದರು. ದೊಡ್ಡಪ್ಪ ಉಸಿರು ಕಟ್ಟಿ ಹಲ್ಲು ಕಚ್ಚಿದರು. ಡಾಕ್ಟರ್ ಸುಮಾರು ಹೊತ್ತು ಸ್ಕ್ರೀನ್ ನೋಡಿದರು. ಗಾಲ್ ಬ್ಲಾಡರ್ ಗೋಡೆ ದಪ್ಪಗಾಗಿದೆ, ಕಲ್ಲುಗಳಿವೆ, ಅದರ ಜೊತೆ ಒಳಗೆ ಏನೋ ಗಟ್ಟಿ ಗಟ್ಟಿಯಾಗಿ ತುಂಬಿಕೊಂಡಿದೆ, ಪಕ್ಕಕ್ಕೆ ಹೊರಳಿಸಿದರೂ ಅದು ಕಲ್ಲಿನ ಹಾಗೆ ಉರುಳುತ್ತಿಲ್ಲ. "ರಕ್ತ ತೆಳುವಾಗೋ ಮಾತ್ರೆ ಏನಾದ್ರೂ ತಗೋತಾರಾ ಇವರು?" ಅಂತ ಕೇಳಿದ ಮೊದಲ ಮನುಷ್ಯ ಅವರೇ. ಹೌದು ಅಂದ ತಕ್ಷಣ ಕೈ ಒರೆಸಿಕೊಂಡು ಎದ್ದರು. ಮತ್ತೆ ಯಾರೂ ಗ್ಯಾಸ್ಟ್ರಿಕ್ ಅನ್ನಲಿಲ್ಲ. ಒಂದು ಪುಟದ ರೆಫರಲ್ ಪತ್ರ ಬರೆದರು. ಯಾವ ಮಾತ್ರೆ, ಯಾವ ಇಂಜೆಕ್ಷನ್, ಯಾವ ಹೊತ್ತಿಗೆ, ಬಿಪಿ ಎಷ್ಟಿತ್ತು, ಎಲ್ಲ ಓದಲು ಬರುವ ಅಕ್ಷರದಲ್ಲಿ. ಮೈಸೂರಿನಲ್ಲಿ ಆ ಪತ್ರವನ್ನು ಕನಿಷ್ಠ ಮೂರು ಜನ ಓದುವುದನ್ನು ನಾನೇ ನೋಡಿದೆ.

ಆಗುವುದು ಏನು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಪಿತ್ತಕೋಶ ಅಂದರೆ ಲಿವರ್ ಅಡಿಯಲ್ಲಿ ಅಂಟಿಕೊಂಡಿರುವ ಸಣ್ಣ ಚೀಲ. 30ರಿಂದ 50 ಎಂಎಲ್ ಪಿತ್ತರಸ ಹಿಡಿಯುತ್ತದೆ. ಅದರ ಬಾಯಿಗೆ ಕಲ್ಲು ಸಿಕ್ಕಿಕೊಂಡರೆ ರಸ ಒಳಗೇ ನಿಂತು, ಚೀಲ ಬಿಗಿದು, ಗೋಡೆ ಊದಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಇಷ್ಟೇ. ಕೆಲವರಲ್ಲಿ ಊತ ಜಾಸ್ತಿಯಾಗಿ ಗೋಡೆಗೆ ರಕ್ತ ಹೋಗುವುದು ನಿಲ್ಲುತ್ತದೆ, ಒಳಪದರ ಸತ್ತು ಕಿತ್ತುಬರುತ್ತದೆ, ಅಲ್ಲಿಂದ ರಕ್ತ ಚೀಲದೊಳಗೆ ಸೋರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಕಿಡ್ನಿ ಕೆಟ್ಟವರು, ಲಿವರ್ ಗಟ್ಟಿಯಾದವರು, ಹೊಟ್ಟೆಗೆ ಪೆಟ್ಟು ಬಿದ್ದವರು, ಇವರಿಗೆ ಅಪಾಯ ಜಾಸ್ತಿ.

ಇನ್ನೊಂದು ದಾರಿಯೂ ಇದೆ, ದೊಡ್ಡಪ್ಪನಿಗೆ ಆಗಿದ್ದು ಅದು. ಪಿತ್ತಕೋಶಕ್ಕೆ ರಕ್ತ ತರುವ ಸಿಸ್ಟಿಕ್ ಆರ್ಟರಿ ಅನ್ನುವ ಸಣ್ಣ ನಾಳ ಊತದ ಪಕ್ಕದಲ್ಲೇ ಹಾದುಹೋಗುತ್ತದೆ. ಊತ ಆ ನಾಳದ ಗೋಡೆಯನ್ನೂ ಕೊರೆದುಬಿಟ್ಟರೆ ಅಲ್ಲೊಂದು ತೆಳು ಗುಳ್ಳೆ ಏಳುತ್ತದೆ. ಡಾಕ್ಟರುಗಳು ಸ್ಯೂಡೋ ಅನ್ಯೂರಿಸಮ್ ಅನ್ನುತ್ತಾರೆ. ಅದಕ್ಕೆ ಸರಿಯಾದ ಗೋಡೆಯೇ ಇರುವುದಿಲ್ಲ, ಯಾವಾಗ ಬೇಕಾದರೂ ಒಡೆಯಬಹುದು. ಚೀಲದೊಳಗೆ ಒಡೆದರೆ ರಕ್ತ ಪಿತ್ತನಾಳದಲ್ಲಿ ಇಳಿದು ಕರುಳಿಗೆ ಬರುತ್ತದೆ, ಮಲ ಕಪ್ಪಾಗುತ್ತದೆ. ದಾರಿಯಲ್ಲಿ ಹೆಪ್ಪುಗಟ್ಟಿ ನಾಳ ಕಟ್ಟಿಕೊಂಡರೆ ಕಾಮಾಲೆ. ಪಿತ್ತಕೋಶವೇ ಒಡೆದು ಹೊಟ್ಟೆಯೊಳಗೆ ರಕ್ತ ಹರಿದರೆ ಬಿಪಿ ಕುಸಿದು ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಬಲಗಡೆ ಮೇಲ್ಹೊಟ್ಟೆ ನೋವು, ಕಾಮಾಲೆ, ಮಲದಲ್ಲಿ ಅಥವಾ ವಾಂತಿಯಲ್ಲಿ ರಕ್ತ. ಪಿತ್ತನಾಳಕ್ಕೆ ರಕ್ತ ಸೋರುವುದರ ಗುರುತು ಈ ಮೂರು ಅಂತ ಜರ್ಮನಿಯ ವೈದ್ಯ ಹೈನ್‌ರಿಶ್ ಕ್ವಿಂಕೆ 1871ರಲ್ಲೇ ಬರೆದಿಟ್ಟಿದ್ದಾರೆ. ಮೂರೂ ಒಟ್ಟಿಗೆ ಕಾಣಿಸಿಕೊಳ್ಳುವುದು ಅರ್ಧಕ್ಕಿಂತ ಕಮ್ಮಿ ಜನರಲ್ಲಿ. ದೊಡ್ಡಪ್ಪನಿಗೆ ರಾತ್ರಿಯೇ ಎರಡು, ಬೆಳಗ್ಗೆ ಹೊತ್ತಿಗೆ ಮೂರೂ ಇದ್ದವು. ಆದರೂ ಒಂದು ರಾತ್ರಿ ಗ್ಯಾಸ್ಟ್ರಿಕ್ ಆಗಿ ಕಳೆಯಿತು, ಸಿಟ್ಟು ಬರುವುದು ಇದಕ್ಕೆ.

ಮಂಗಳೂರಾ ಮೈಸೂರಾ ಅಂತ ಸ್ವಲ್ಪ ಚರ್ಚೆ ಆಯಿತು. ಆ ಮಳೆಯಲ್ಲಿ ಮಂಗಳೂರಿಗೆ ಇಳಿಯುವ ಸಂಪಾಜೆ ಘಾಟಿ ನಂಬಲು ನನಗೆ ಧೈರ್ಯ ಬರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಏನಾಯಿತು ಅಂತ ನೋಡಿದವರು ಯಾರೂ ಅಲ್ಲಿ ಆಂಬುಲೆನ್ಸ್ ಇಳಿಸಲು ಹೇಳುವುದಿಲ್ಲ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಅಂತ ಮೈಸೂರಿಗೆ ಹೊರಟೆವು. ಆಂಬುಲೆನ್ಸ್ ಹುಡುಗನಿಗೆ ಬೇರೆಯೇ 5 ನಕ್ಷತ್ರ. ಸುಂಟಿಕೊಪ್ಪದ ತಿರುವುಗಳಲ್ಲಿ ಅವನು ನಿಧಾನ ಮಾಡಿದ, ಕುಶಾಲನಗರ ದಾಟಿದ ಮೇಲೆ ಬಿಟ್ಟ. ಕೂತವರಿಗಿಂತ ಮಲಗಿದವರಿಗೆ ತಿರುವು ಕಷ್ಟ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾವು ದಾರಿಯಿಂದಲೇ ಫೋನ್ ಮಾಡಿ, ಇಂಥ ಕೇಸ್ ಬರುತ್ತಿದೆ, ಇಂಥ ರಕ್ತದ ಗುಂಪು ಅಂತ ಹೇಳಿಟ್ಟಿದ್ದೆವು. ನೀವೂ ಹಾಗೇ ಮಾಡಿ.

ಮೈಸೂರಿನ ಕ್ಯಾಶುವಾಲ್ಟಿ ಬಗ್ಗೆ ನನ್ನ ಹತ್ತಿರ ಹೊಗಳಿಕೆ ಮಾತ್ರ ಇದೆ. ಸ್ಟ್ರೆಚರ್ ಇಳಿಸುವಾಗಲೇ ಕೇಳಿದ ಮೊದಲ ಪ್ರಶ್ನೆ ವಾರ್ಫರಿನ್ ಕೊನೆಗೆ ಯಾವಾಗ ತಗೊಂಡರು ಅಂತ. ಎರಡೂ ಕೈಗೆ ದಪ್ಪ ಸೂಜಿ ಹಾಕಿದರು. ಐಎನ್‌ಆರ್ ಎಷ್ಟೋ ಮೇಲಿತ್ತು. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರು. ಆದರೆ ಅದು ಕೆಲಸ ಮಾಡಲು ಗಂಟೆಗಟ್ಟಲೆ ಬೇಕು, ಅಲ್ಲಿವರೆಗೆ ಕಾಯಲು ಆಗುವುದಿಲ್ಲ ಅಂತ ಹೆಪ್ಪುಗಟ್ಟಿಸುವ ಅಂಶಗಳನ್ನು ಒಟ್ಟುಮಾಡಿದ ಪಿಸಿಸಿ ಅನ್ನುವ ಔಷಧಿಯನ್ನೂ ಹಾಕಿದರು. ಅದು ದುಬಾರಿ. ಅದು ಸಿಗದ ಕಡೆ ಪ್ಲಾಸ್ಮಾ ಏರಿಸುತ್ತಾರೆ, ಅದೂ ನಡೆಯುತ್ತದೆ, ಕರಗಿಸಿ ಏರಿಸಲು ಹೊತ್ತು ಬೇಕು ಅಷ್ಟೆ. ಜೊತೆಗೆ ರಕ್ತ, ಆಂಟಿಬಯೋಟಿಕ್. ಎಲ್ಲ ಓಡುತ್ತಾ ಮಾಡಿದರೂ ಯಾರೂ ಕೂಗಾಡಲಿಲ್ಲ. ಅದು ನನಗೆ ತುಂಬಾ ಇಷ್ಟ ಆಯಿತು.

ಆಮೇಲೆ ಸಿಟಿ ಆಂಜಿಯೋ, ಅಂದರೆ ರಕ್ತನಾಳ ತೋರಿಸುವ ಸ್ಕ್ಯಾನ್. ಸ್ಕ್ಯಾನ್ ಮುಗಿದ ಮೇಲೆ ಡ್ಯೂಟಿಯಲ್ಲಿದ್ದ ರೇಡಿಯಾಲಜಿಸ್ಟ್ ನನ್ನನ್ನೂ ಅಣ್ಣನನ್ನೂ ಒಳಗೆ ಕರೆದು ಸ್ಕ್ರೀನ್ ನಮ್ಮ ಕಡೆ ತಿರುಗಿಸಿದರು. ಬರೀ ಪಿತ್ತರಸ ಇದ್ದರೆ ಚೀಲ ಕಪ್ಪು ಬೂದಿ ಬಣ್ಣದಲ್ಲಿ ಕಾಣಬೇಕು. ದೊಡ್ಡಪ್ಪನದರಲ್ಲಿ ಬೆಳ್ಳಗೆ ಮೋಡ ಮೋಡವಾಗಿತ್ತು, ಅದು ಹೆಪ್ಪುಗಟ್ಟಿದ ರಕ್ತ. ನಡುವೆ ಕಡಲೆಕಾಳಿನಷ್ಟು ಒಂದು ಚುಕ್ಕೆ ಮಾತ್ರ ಹೊಳೆಯುತ್ತಿತ್ತು. "ಆ ಚುಕ್ಕೆನೇ ನಮ್ಮ ತೊಂದರೆ" ಅಂದರು. ಊರಿನಲ್ಲಿ ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಲು ಚುಚ್ಚುವ ದ್ರವ) ಹಾಕಿ ಸ್ಕ್ಯಾನ್ ಏನಾದರೂ ಮಾಡಿದ್ದಾರಾ ಅಂತ ಅವರು ಎರಡು ಸಲ ಕೇಳಿದರು. ಯಾಕೆ ಅಂದರೆ, ಹಿಂದೆ ಹಾಕಿದ ಕಾಂಟ್ರಾಸ್ಟ್ ಕೆಲವೊಮ್ಮೆ ಪಿತ್ತಕೋಶಕ್ಕೆ ಬಂದು ಸೇರಿ ಅದೂ ಬೆಳ್ಳಗೆ ಕಂಡು ರಕ್ತ ಅಂತ ಮೋಸ ಮಾಡುತ್ತದಂತೆ. ಅದಕ್ಕೇ ಹಳೆಯ ರಿಪೋರ್ಟ್ ಎಲ್ಲ ಹಿಡಿದುಕೊಂಡು ಹೋಗಿ. ಪ್ಲಾಸ್ಟಿಕ್ ಕವರಿನಲ್ಲಿ ಮಳೆಗೆ ನೆನೆಯದ ಹಾಗೆ.

ನನಗೆ ಆಗ ಅರ್ಥ ಆಗದಿದ್ದು ಒಂದೇ. ರಕ್ತ ಸೋರುತ್ತಿರುವುದು ಗಾಲ್ ಬ್ಲಾಡರಿನಿಂದ ಅಂತ ಗೊತ್ತಾಯಿತಲ್ಲ, ತೆಗೆದು ಬಿಸಾಡಬಾರದಾ? ಸರ್ಜನ್ ಮೇಡಂ ನಿಂತು ಹೇಳಿದರು. ಊತ ಜೋರಾಗಿರುವಾಗ ಅಲ್ಲೆಲ್ಲ ಅಂಟಿಕೊಂಡಿರುತ್ತದೆ, ಅದರ ಮೇಲೆ ರಕ್ತ ತುಂಬಿಕೊಂಡರೆ ಯಾವ ನಾಳ ಯಾವುದು ಅಂತ ಕಾಣುವುದಿಲ್ಲ, ತಪ್ಪು ನಾಳಕ್ಕೆ ಕ್ಲಿಪ್ ಬಿದ್ದರೆ ಜೀವನಪೂರ್ತಿ ತೊಂದರೆ. ಬಿಪಿ ಹಿಡಿದು ನಿಲ್ಲಿಸಲು ಆಗುತ್ತಿರುವುದರಿಂದ ಮೊದಲು ರಕ್ತ ನಿಲ್ಲಿಸೋಣ, ಆಮೇಲೆ ನೆಮ್ಮದಿಯಾಗಿ ತೆಗೆಯುತ್ತೇನೆ ಅಂದರು. ಹಿಡಿದು ನಿಲ್ಲಿಸಲು ಆಗದಿದ್ದರೆ, ಪಿತ್ತಕೋಶ ಒಡೆದು ಹೊಟ್ಟೆಗೆ ರಕ್ತ ಬಂದಿದ್ದರೆ? "ಆಗ ನಿಮ್ಮ ಹತ್ರ ಇಷ್ಟು ಮಾತಾಡ್ತಾ ಇರಲಿಲ್ಲ, ನೇರ ಥಿಯೇಟರ್." ಹೀಗೆ ಸಿಪ್ಪೆ ಸುಲಿದಂತೆ ಹೇಳುವ ಡಾಕ್ಟರ್ ಸಿಗುವುದು ಕಮ್ಮಿ.

ಕ್ಯಾತ್ ಲ್ಯಾಬಿಗೆ ಕರೆದುಕೊಂಡು ಹೋದರು. ತೊಡೆಸಂದಿನ ರಕ್ತನಾಳಕ್ಕೆ ಸೂಜಿ ಹಾಕಿ, ಅದರಿಂದ ಸಣ್ಣ ನಳಿಕೆ ತೂರಿಸಿ, ಲಿವರಿನ ರಕ್ತನಾಳದ ಕವಲಿನವರೆಗೆ ಹೋಗಿ, ಅದರೊಳಗಿನಿಂದ ಇನ್ನೂ ಸಣ್ಣ ನಳಿಕೆ ಬಿಟ್ಟು ಆ ಗುಳ್ಳೆ ಇರುವ ನಾಳಕ್ಕೆ ಪ್ಲಾಟಿನಂ ಕಾಯಿಲ್, ಅಂದರೆ ಸಣ್ಣ ಸುರುಳಿ ತಂತಿ ತುಂಬಿಸುತ್ತಾರೆ. ಕಾಯಿಲ್ ಸುತ್ತ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ. ಪೂರ್ತಿ ಅರಿವಳಿಕೆ ಬೇಕಾಗಲಿಲ್ಲ. ದೊಡ್ಡಪ್ಪ ಎಚ್ಚರವಾಗಿದ್ದು, ಹೊರಗೆ ಬಂದ ಮೇಲೆ ಕೇಳಿದ್ದು ತೋಟದಲ್ಲಿ ಮರ ಕಪಾತು ಮಾಡಲು ಆಳು ಬಂದಿದ್ದಾರಾ ಅಂತ. ಬಿಪಿ ಆ ರಾತ್ರಿಯೇ ಸರಿಯಾಗುತ್ತಾ ಬಂತು.

ಅಲ್ಲಿಗೆ ಮುಗಿಯುವುದಿಲ್ಲ ಅನ್ನುವುದು ಗೊತ್ತಿರಲಿ. ಪಿತ್ತಕೋಶಕ್ಕೆ ರಕ್ತ ತರುವ ನಾಳವನ್ನೇ ಮುಚ್ಚಿದ ಮೇಲೆ ಅದು ಒಳಗೆ ಕೊಳೆಯಬಹುದು. ಕಲ್ಲು, ಸೋಂಕು ಬೇರೆ ಅಲ್ಲೇ ಇವೆ. ಹಾಗಾಗಿ ದೇಹ ಸ್ವಲ್ಪ ಸುಧಾರಿಸಿದ ಕೂಡಲೇ ಆಪರೇಷನ್. ಪಿತ್ತನಾಳದಲ್ಲಿ ಸಿಕ್ಕಿಕೊಂಡಿದ್ದ ಹೆಪ್ಪಿಗೆ ಬಾಯಿಂದ ಟ್ಯೂಬ್ ಬಿಟ್ಟು ಇಆರ್‌ಸಿಪಿ ಮಾಡಬೇಕಾಗಬಹುದು ಅಂದಿದ್ದರು. ಕಾಮಾಲೆ ಎಷ್ಟಿದೆ ಅಂತ ತೋರಿಸುವ ಬಿಲಿರುಬಿನ್ ತಾನಾಗಿಯೇ ಇಳಿಯುತ್ತಾ ಹೋಯಿತು, ಅದನ್ನು ಕೈಬಿಟ್ಟರು. ಬೇಡದ್ದನ್ನು ಮಾಡಿ ಬಿಲ್ ಹಾಕಲಿಲ್ಲ ಅನ್ನುವುದನ್ನೂ ಬರೆದಿಡಬೇಕು.

ಸಹಿ ಹಾಕುವ ಮೊದಲು ಮೇಡಂ ಒಂದು ಹಾಳೆಯಲ್ಲಿ ಬಾಲ್ ಪೆನ್ನಿನಿಂದ ಲಿವರ್, ಚೀಲ, ಎರಡು ನಾಳ ಬರೆದು ತೋರಿಸಿದರು. ಆ ಎರಡು ನಾಳ ಮತ್ತು ಲಿವರಿನ ನಡುವೆ ಒಂದು ತ್ರಿಕೋನ ಇದೆ, ಕ್ಯಾಲೋ ಅಂತ ಹೆಸರು. ಅದನ್ನು ಪೂರ್ತಿ ಬಿಡಿಸಿ, ಚೀಲಕ್ಕೆ ಹೋಗುವುದು ಎರಡೇ ಎರಡು ಅಂತ ಕಣ್ಣಾರೆ ನೋಡಿದ ಮೇಲೆ ಮಾತ್ರ ಕತ್ತರಿಸುತ್ತೇನೆ ಅಂದರು. ಮೊದಲು ಕ್ಯಾಮೆರಾ ಹಾಕಿ ತೂತುಗಳ ಮೂಲಕ ನೋಡುತ್ತೇನೆ, ಕಾಣದಿದ್ದರೆ ಪಕ್ಕೆಲುಬಿನ ಕೆಳಗೆ ಕೊಯ್ದು ತೆರೆಯುತ್ತೇನೆ, ತೆರೆದ ಮೇಲೂ ಬಿಡಿಸಲು ಆಗದಿದ್ದರೆ ಪೂರ್ತಿ ತೆಗೆಯುವ ಹಟ ಮಾಡದೆ ಚೀಲದ ಕುತ್ತಿಗೆಯ ಭಾಗ ಸ್ವಲ್ಪ ಅಲ್ಲೇ ಬಿಡುತ್ತೇನೆ. "ತೆರೆದ್ರೆ ಫೇಲ್ ಆಯ್ತು ಅಂತ ಊರಲ್ಲಿ ಹೇಳ್ಬೇಡಿ" ಅಂತ ನಗುತ್ತಲೇ ಹೇಳಿದರು. ಲ್ಯಾಪರೋಸ್ಕೋಪಿ ಶುರುಮಾಡಿ ಕೊನೆಗೆ ತೆರೆದರೆ ಜನ ಸರ್ಜನ್‌ಗೆ ಕೈ ಬರಲಿಲ್ಲ ಅಂದುಕೊಳ್ಳುತ್ತಾರೆ. ಇಂಥ ಕೇಸಿನಲ್ಲಿ ತೆರೆಯುವ ತೀರ್ಮಾನ ಮಾಡುವುದೇ ಕೈ ಬಂದವರ ಲಕ್ಷಣ ಅಂತ ನನಗೀಗ ಅನಿಸುತ್ತದೆ. ಕ್ಯಾಮೆರಾ ಹಾಕಿ ಪಿತ್ತಕೋಶ ತೆಗೆದಿದ್ದು ಮೊದಲ ಸಲ 1985ರಲ್ಲಿ, ಜರ್ಮನಿಯ ಎರಿಕ್ ಮ್ಯೂಹೆ. ಅದಕ್ಕಿಂತ ನೂರು ವರ್ಷ ಹಿಂದಿನಿಂದ, 1882ರಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್ ಮೊದಲ ಸಲ ತೆಗೆದಾಗಿನಿಂದ, ಎಲ್ಲರೂ ಹೊಟ್ಟೆ ತೆರೆದೇ ಮಾಡುತ್ತಿದ್ದರು.

ದೊಡ್ಡಪ್ಪನಿಗೆ ಹೇಳಿದ ಹಾಗೇ ಆಯಿತು. ಕ್ಯಾಮೆರಾದಲ್ಲಿ ನೋಡಿದರೆ ಕರುಳಿನ ಮೇಲಿನ ಕೊಬ್ಬಿನ ಪದರ ಪೂರ್ತಿ ಬಂದು ಅಂಟಿಕೊಂಡಿತ್ತಂತೆ. ತೆರೆದರು. ಕುತ್ತಿಗೆಯ ಸ್ವಲ್ಪ ಭಾಗ ಬಿಟ್ಟು ಉಳಿದಿದ್ದು ತೆಗೆದರು. ಥಿಯೇಟರ್ ಬಾಗಿಲಿಗೆ ಮನೆಯವರನ್ನು ಕರೆದು ಸ್ಟೀಲ್ ಟ್ರೇಯಲ್ಲಿ ತೋರಿಸುವ ಪದ್ಧತಿ ಇದೆಯಲ್ಲ, ಇಲ್ಲೂ ತೋರಿಸಿದರು. ಅಣ್ಣ ಗೋಡೆ ನೋಡಿದ, ನಾನು ಟ್ರೇ ನೋಡಿದೆ. ಪಿತ್ತಕೋಶದ ಗೋಡೆ ಬೆರಳಿನಷ್ಟು ದಪ್ಪ, ಅಲ್ಲಲ್ಲಿ ಕಪ್ಪು ಹಸಿರು. ಒಳಗಿನ ಹೆಪ್ಪು ಥೇಟ್ ನಮ್ಮ ಅಡುಗೆಯ ಕಪ್ಪು ಹುಳಿ, ಹಳೆಯ ಕಾಚಂಪುಳಿ, ಅದೇ ಕಪ್ಪು, ಅದೇ ಮಂದ. ಅದರ ನಡುವೆ ಸಣ್ಣ ಸಣ್ಣ ಕಪ್ಪು ಕಲ್ಲುಗಳು. ನರ್ಸ್ ಇಕ್ಕಳದಿಂದ ಒಂದನ್ನು ಎತ್ತಿ ಒತ್ತಿದರು, ಪುಡಿಯಾಯಿತು. ಕಲ್ಲುಗಳನ್ನು ಡಬ್ಬಿಯಲ್ಲಿ ಕೊಡಲಾ ಅಂತ ಕೇಳಿದರು. ಬೇಡ ಅಂದೆ, ದೊಡ್ಡಮ್ಮ ಬೇಕು ಅಂದರು.

ಸ್ವಲ್ಪ ಭಾಗ ಬಿಟ್ಟು ತೆಗೆದಾಗ ಆ ಜಾಗದಿಂದ ಪಿತ್ತರಸ ಸೋರುವುದು ಇರುತ್ತದೆ. ಅದಕ್ಕೇ ಪಕ್ಕದಲ್ಲಿ ಡ್ರೇನ್ ಪೈಪ್ ಇಟ್ಟಿದ್ದರು. ಚೀಲದಲ್ಲಿ ಹಸಿರು ಹಳದಿ ನೀರು ಕಂಡು ದೊಡ್ಡಮ್ಮ ಗಾಬರಿಯಾದರು. ಕಮ್ಮಿಯಾಗುತ್ತಾ ಹೋಗಿ ನಿಂತುಹೋಯಿತು. ಐಸಿಯು ನರ್ಸುಗಳು ಚೆನ್ನಾಗಿ ನೋಡಿಕೊಂಡರು. ಫಿಸಿಯೋಥೆರಪಿಯ ಹುಡುಗಿ ಮೂರು ಚೆಂಡಿನ ಉಸಿರಾಟದ ಆಟಿಕೆ ಹಿಡಿದುಕೊಂಡು ಬಂದು ದೊಡ್ಡಪ್ಪನ ಹಿಂದೆ ಬಿದ್ದಳು. ಪಕ್ಕೆಲುಬಿನ ಕೆಳಗೆ ಗಾಯ ಇದ್ದರೆ ನೋವಿಗೆ ಹೆದರಿ ಉಸಿರು ಪೂರ್ತಿ ಎಳೆಯುವುದಿಲ್ಲ, ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಎರಡು ಚೆಂಡು ಎದ್ದ ದಿನ ಪಕ್ಕದ ಬೆಡ್ಡಿನವರೂ ಚಪ್ಪಾಳೆ ತಟ್ಟಿದರು.

ಈಗ ಒಂದು ನಕ್ಷತ್ರ ಯಾಕೆ ಕಳೆದೆ ಅಂತ. ಬಿಲ್ಲಿಂಗ್. ಕಾಯಿಲ್ ಒಂದೊಂದಕ್ಕೂ ಬೇರೆ ಬೇರೆ ದುಡ್ಡು ಅನ್ನುವುದನ್ನು ಮೊದಲೇ ಯಾರೂ ಹೇಳಲಿಲ್ಲ. ಹೇಳಿದ್ದರೂ ನಾವು ಬೇಡ ಅನ್ನುತ್ತಿರಲಿಲ್ಲ, ಆದರೆ ಹೇಳಬೇಕಿತ್ತು. ಆಯುಷ್ಮಾನ್ ಕಾರ್ಡ್ ತೋರಿಸಿದರೆ ಆ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರ ಬೆಳಗ್ಗೆ ಬರುತ್ತಾರೆ ಅಂದರು, ಬೆಳಗ್ಗೆ ಬಂದವರು ಈ ಚಿಕಿತ್ಸೆ ಪ್ಯಾಕೇಜಿಗೆ ಕೂರುವುದಿಲ್ಲ ಅಂದರು, ಮಧ್ಯಾಹ್ನ ಆಪರೇಷನ್ ಭಾಗ ಮಾತ್ರ ಕೂರುತ್ತದೆ ಅಂದರು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಸಿಗುತ್ತದೆ. ನಮ್ಮ ಹಾಗೆ ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಹಾಗಾಗಿ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಉಳಿದಿದ್ದಕ್ಕೆ ಮೆಡಿಕ್ಲೇಮ್ ಇತ್ತು. ಡಿಸ್ಚಾರ್ಜ್ ಅಂತ ಬೆಳಗ್ಗೆ ರೌಂಡ್ಸಿನಲ್ಲಿ ಹೇಳಿದರು, ಇನ್ಶೂರೆನ್ಸ್ ಒಪ್ಪಿಗೆ ಬಂದು ಗೇಟ್ ದಾಟುವಾಗ ಕತ್ತಲಾಗಿತ್ತು. ಹುಣಸೂರು ದಾಟಿ ಮಳೆಯಲ್ಲಿ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಕೊಡಗಿಗೆ ಹೋಗುವವರು ಅಂತ ಗೊತ್ತಿದ್ದೂ.

ಕ್ಯಾಂಟೀನ್ ಪರವಾಗಿಲ್ಲ, ಇಡ್ಲಿ ಬಿಸಿ ಇರುತ್ತದೆ, ಕಾಫಿ ಮಾತ್ರ ಕೊಡಗಿನವರು ಕುಡಿಯುವ ಹಾಗಿಲ್ಲ. ಜೊತೆಗಿರುವವರಿಗೆ ಮಲಗಲು ಹಾಲ್ ಇದೆ, ಫ್ಯಾನ್ ತಿರುಗುತ್ತದೆ, ಚಾರ್ಜಿಂಗ್ ಪಾಯಿಂಟಿಗೆ ಜಗಳ ಆಗುತ್ತದೆ.

ವಾರ್ಫರಿನ್ ಮತ್ತೆ ಶುರುಮಾಡುವುದನ್ನು ಸರ್ಜನ್ ಒಬ್ಬರೇ ತೀರ್ಮಾನಿಸಲಿಲ್ಲ, ಹಾರ್ಟ್ ಡಾಕ್ಟರನ್ನೂ ಕೂರಿಸಿಕೊಂಡು ಮಾತಾಡಿದರು. ನಿಲ್ಲಿಸಿಯೇ ಬಿಟ್ಟರೆ ಹೃದಯದಲ್ಲಿ ಹೆಪ್ಪುಗಟ್ಟಿ ಸ್ಟ್ರೋಕ್ ಹೊಡೆಯಬಹುದು, ಬೇಗ ಶುರುಮಾಡಿದರೆ ಗಾಯ ಸೋರಬಹುದು. ಯಾವ ದಿನ ಶುರು, ಎಷ್ಟು ಡೋಸ್, ಯಾವಾಗ ಐಎನ್‌ಆರ್ ಅಂತ ಡಿಸ್ಚಾರ್ಜ್ ಹಾಳೆಯಲ್ಲಿ ಬರೆದುಕೊಟ್ಟರು. ಐಎನ್‌ಆರ್ ಪರೀಕ್ಷೆಯನ್ನು ನಮ್ಮ ಪೇಟೆಯ ಲ್ಯಾಬಿನಲ್ಲೇ ಮಾಡಿಸಿ ಫೋನಿನಲ್ಲಿ ಹೇಳಿದರೆ ಸಾಕು ಅಂದಿದ್ದು ದೊಡ್ಡ ಉಪಕಾರ.

ಗಾಲ್ ಬ್ಲಾಡರಿನ ಬಯಾಪ್ಸಿ ರಿಪೋರ್ಟಿಗೆ ಮಾತ್ರ ಈ ಔದಾರ್ಯ ತೋರಿಸಲಿಲ್ಲ. ಇಂಥ ರಕ್ತಸ್ರಾವದ ಹಿಂದೆ ಒಮ್ಮೊಮ್ಮೆ ಕ್ಯಾನ್ಸರ್ ಅಡಗಿರುತ್ತದೆ, ಹಾಗಾಗಿ ಆ ರಿಪೋರ್ಟ್ ನೋಡದೆ ಬಿಡಬಾರದು. ವಾಟ್ಸ್ಆ್ಯಪ್ ಮಾಡಿ ಅಂದರೆ ಆಗಲ್ಲ, ರೋಗಿಯ ಕಡೆಯವರು ಕೌಂಟರಿಗೆ ಬಂದು ಸಹಿ ಹಾಕಿ ತಗೊಳ್ಳಬೇಕು ಅಂದರು. ಒಂದು ಹಾಳೆಗೆ ಮಡಿಕೇರಿ ಕಡೆಯಿಂದ ಬಂದು ಹೋಗಬೇಕಾ ಅಂತ ಕೇಳಿದ್ದಕ್ಕೆ ರೂಲ್ಸ್ ಸಾರ್ ಅಂದರು. ಕೊನೆಗೆ ಮೈಸೂರಿನಲ್ಲಿ ಓದುವ ಅಕ್ಕನ ಮಗಳು ಹೋಗಿ ತಂದಳು. ಕ್ಯಾನ್ಸರ್ ಇಲ್ಲ, ಊತ ಮತ್ತು ರಕ್ತಸ್ರಾವ ಅಂತ ಇದೆ. ನಿಮ್ಮವರು ಯಾರೂ ಮೈಸೂರಿನಲ್ಲಿ ಇಲ್ಲದಿದ್ದರೆ ಡಿಸ್ಚಾರ್ಜ್ ದಿನವೇ ಆ ಕೌಂಟರಿನಲ್ಲಿ ಒಂದು ಅರ್ಜಿ ಬರೆದುಕೊಟ್ಟು ಬನ್ನಿ, ಆಗ ಪೋಸ್ಟಿನಲ್ಲಿ ಕಳಿಸುತ್ತಾರಂತೆ. ಇದನ್ನೂ ನಮಗೆ ಹೇಳಿದ್ದು ಕೌಂಟರಿನವರಲ್ಲ, ಪಕ್ಕದ ಬೆಡ್ಡಿನ ಪಿರಿಯಾಪಟ್ಟಣದವರು.